ಹ್ಯಾಸ್ಕೆಲ್ ಅಭ್ಯಾಸಗಳಿಗೆ ಉತ್ತರ ಬರೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹ್ಯಾಸ್ಕೆಲ್ ಕಲಿಯಲು ಶುರುಮಾಡಿ, ಮೊದಮೊದಲ ಅಭ್ಯಾಸಗಳನ್ನು ಬಿಡಿಸಿ, ಉತ್ತರವನ್ನು ಇನ್ನೊಬ್ಬರ ಓದಿಗೆ ಇಡುವವರಿಗಾಗಿ ಈ ಸೂಚನೆ. ತಮ್ಮ ಪಾಡಿಗೆ ಬಿಡಿಸಿ ಫೈಲು ಮುಚ್ಚಿಡುವವರು ಹೇಗೆ ಬೇಕಾದರೂ ಬರೆದುಕೊಳ್ಳಲಿ. ಓದಿಗೆ ಇಟ್ಟ ಮೇಲೆ ಮಾತು ಬೇರೆ. ಅದನ್ನು ತೆರೆದು ನೋಡುವವರು ಹೆಚ್ಚಾಗಿ ಅದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡವರು, ನಿಮಗಿಂತ ಒಂದೆರಡು ವಾರ ಹಿಂದೆ ಇರುವವರು. ಅವರಿಗೆ ಬಿಡಿಸಿಕೊಳ್ಳಲಾಗದ ಉತ್ತರವನ್ನು ಕಂಪೈಲರ್ ಒಪ್ಪಿದರೂ ನಾವು ಒಪ್ಪುವುದಿಲ್ಲ.

ಉದಾಹರಣೆಗಳನ್ನು ಹೆಚ್ಚಾಗಿ 'ತೊಂಬತ್ತೊಂಬತ್ತು ಹ್ಯಾಸ್ಕೆಲ್ ಲೆಕ್ಕಗಳು' ಎಂಬ ಪಟ್ಟಿಯಿಂದ ಆರಿಸಿದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಪಾಠ ಮಾಡುತ್ತಿದ್ದ ವೆರ್ನರ್ ಹೆಟ್ ಅವರು ಪ್ರೊಲಾಗ್ ಭಾಷೆಗೆಂದು ಮಾಡಿದ ಪಟ್ಟಿ ಅದು. ಆಮೇಲೆ ಹ್ಯಾಸ್ಕೆಲ್‌ಗೂ ಬಂತು. ಹೆಸರಿಗೆ ತೊಂಬತ್ತೊಂಬತ್ತು, ನಡುವೆ ಕೆಲವು ಸಂಖ್ಯೆಗಳು ಇಲ್ಲವೇ ಇಲ್ಲ. ಕೆಳಗಿನ ಕೋಡ್ ತುಣುಕುಗಳಲ್ಲಿ ಹೆಸರುಗಳೆಲ್ಲ ಕನ್ನಡದಲ್ಲಿವೆ. ಅವು ಓದಲಿಕ್ಕೆ, ಹಾಗೇ ಎತ್ತಿ ಕಂಪೈಲರ್‌ಗೆ ಕೊಡಲಿಕ್ಕಲ್ಲ.

ಮೊದಲು ಟೈಪ್ ಬರೆಯಿರಿ

ಫಂಕ್ಷನ್‌ನ ಒಡಲಿಗೆ ಕೈಹಾಕುವ ಮುಂಚೆ ಟೈಪ್ ಸಿಗ್ನೇಚರ್ ಬರೆಯಬೇಕು. ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ ಎಂಬ ಸಬೂಬು ನಡೆಯುವುದಿಲ್ಲ. ಕಂಪೈಲರ್ ಊಹಿಸುತ್ತದೆ, ಓದುವವರು ಯಾಕೆ ಊಹಿಸಬೇಕು? ಲಿಸ್ಟಿನ ಕೊನೆಯ ಅಂಶ ಹುಡುಕುವ ಮೊದಲನೆಯ ಲೆಕ್ಕವನ್ನೇ ನೋಡಿ. '[ಎ] -> ಎ' ಎಂದು ಬರೆದರೆ, ಯಾವ ಲಿಸ್ಟ್ ಕೊಟ್ಟರೂ ಅಂಶವೊಂದನ್ನು ವಾಪಸು ಕೊಡುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಖಾಲಿ ಲಿಸ್ಟ್ ಬಂದರೆ ಎಲ್ಲಿಂದ ತರುತ್ತೀರಿ? '[ಎ] -> ಮೇಬಿ ಎ' ಎಂದು ಬರೆದರೆ ಸಿಗದೆಯೂ ಇರಬಹುದು ಎನ್ನುವುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

    ಕೊನೆಯದು :: [ಎ] -> ಮೇಬಿ ಎ
    ಕೊನೆಯದು [] = ನಥಿಂಗ್
    ಕೊನೆಯದು [ಒಂದೇ] = ಜಸ್ಟ್ ಒಂದೇ
    ಕೊನೆಯದು (_ : ಉಳಿದವು) = ಕೊನೆಯದು ಉಳಿದವು

ಖಾಲಿ ಲಿಸ್ಟ್, ಒಂದೇ ಅಂಶದ ಲಿಸ್ಟ್, ಅದಕ್ಕಿಂತ ಉದ್ದದ್ದು ಎಂಬ ಮೂರು ಸ್ಥಿತಿಗಳೂ ಕಣ್ಣಿಗೆ ಕಾಣುತ್ತವೆ. ದತ್ತಾಂಶಕ್ಕೆ ಇರುವ ಆಕಾರವೇ ಫಂಕ್ಷನ್‌ಗೂ ಇದೆ. ಆರಂಭದ ಅಭ್ಯಾಸಗಳಲ್ಲಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ ಎಂದು ನನ್ನ ಅಭಿಪ್ರಾಯ. 'ಹೌ ಟು ಡಿಸೈನ್ ಪ್ರೋಗ್ರಾಮ್ಸ್' ಎಂಬ ಪಠ್ಯಪುಸ್ತಕ 2001ರ ಮೊದಲ ಮುದ್ರಣದಿಂದಲೂ ಇದನ್ನೇ ಹಂತಹಂತವಾಗಿ ಹೇಳಿಕೊಂಡು ಬಂದಿದೆ: ಮೊದಲು ದತ್ತಾಂಶದ ವಿವರಣೆ, ಆಮೇಲೆ ಸಿಗ್ನೇಚರ್, ಆಮೇಲೆ ಉದಾಹರಣೆಗಳು, ಕೋಡ್ ಬರುವುದು ಅದಾದ ಮೇಲೆ. ಅದು ಲಿಸ್ಪ್ ಕುಟುಂಬದ ಭಾಷೆಯ ಪುಸ್ತಕ. ಕ್ರಮ ಮಾತ್ರ ಹ್ಯಾಸ್ಕೆಲ್‌ಗೂ ಅಷ್ಟೇ ಹೊಂದುತ್ತದೆ.

ಲೆಕ್ಕವೇ '[ಎ] -> ಎ' ಎಂಬ ಟೈಪ್ ಕೇಳಿದ್ದರೆ ಕೊಡಿ, ತಪ್ಪಿಲ್ಲ. ಆದರೆ ಖಾಲಿ ಲಿಸ್ಟಿಗೆ ಒಂದು ಸಾಲು ಇರಲೇಬೇಕು, ಎರರ್ ಸಂದೇಶದಲ್ಲಿ ಫಂಕ್ಷನ್‌ನ ಹೆಸರೂ ಇರಬೇಕು. ಸಾಲನ್ನೇ ಬಿಟ್ಟು 'ಅದು ಬರುವುದಿಲ್ಲ ಬಿಡಿ' ಎನ್ನಬಾರದು. ಅದು ಬಂದೇ ಬರುತ್ತದೆ.

ಎಚ್ಚರಿಕೆಗಳನ್ನು ಆಫ್ ಮಾಡಬೇಡಿ

ಜಿಎಚ್‌ಸಿ ಕಂಪೈಲರ್ ಅನ್ನು ವಾಲ್ ಫ್ಲ್ಯಾಗ್ ಹಾಕಿಯೇ ಓಡಿಸಬೇಕು. ಬಿಟ್ಟುಹೋದ ಪ್ಯಾಟರ್ನ್, ಬರೆಯದ ಟೈಪ್ ಸಿಗ್ನೇಚರ್, ಬಳಸದ ಹೆಸರು, ಒಳಗಿನ ಹೆಸರು ಹೊರಗಿನದನ್ನು ಮರೆಮಾಡಿದ್ದು, ಇವನ್ನೆಲ್ಲ ಅದು ಹೇಳುತ್ತದೆ. ಒಂದು ಎಚ್ಚರಿಕೆ ಉಳಿದಿದ್ದರೂ ಉತ್ತರವನ್ನು ಓದಿಗೆ ಇಡಬೇಡಿ. ಉಳಿಸಿಕೊಳ್ಳಲು ನಿಜವಾದ ಕಾರಣವಿದ್ದರೆ ಅದನ್ನು ಕಾಮೆಂಟಿನಲ್ಲಿ ಬರೆಯಿರಿ.

ಹೆಡ್ ಮತ್ತು ಟೇಲ್ ಬಳಸುವುದನ್ನು ಬಿಡಿ. ಖಾಲಿ ಲಿಸ್ಟ್ ಸಿಕ್ಕರೆ ಎರಡೂ ಪ್ರೋಗ್ರಾಮನ್ನೇ ಕೆಡವುತ್ತವೆ. 2023ರಲ್ಲಿ ಬಂದ ಜಿಎಚ್‌ಸಿ 9.8ರಿಂದ ಇವೆರಡನ್ನು ಬಳಸಿದ ಕಡೆಯಲ್ಲೆಲ್ಲ ಕಂಪೈಲರ್ ತಾನಾಗಿಯೇ ಎಚ್ಚರಿಸುತ್ತದೆ. '(ಮೊದಲು : ಉಳಿದವು)' ಎಂಬ ಪ್ಯಾಟರ್ನ್ ಎರಡರ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಖಾಲಿ ಲಿಸ್ಟಿಗೆ ಬೇರೆ ಸಾಲು ಬರೆದಿದ್ದೀರೋ ಇಲ್ಲವೋ ಎನ್ನುವುದನ್ನೂ ಆಗ ಕಂಪೈಲರ್ ನೋಡಿಕೊಳ್ಳುತ್ತದೆ.

ಲಿಸ್ಟ್ ಖಾಲಿಯೇ ಎಂದು ತಿಳಿಯಲು ಅದರ ಉದ್ದ ಅಳೆಯಬೇಡಿ. 'ಲೆಂತ್ ಲಿಸ್ಟ್ == 0' ಎಂದು ಬರೆದರೆ ಲಿಸ್ಟನ್ನು ಕೊನೆಯ ತನಕ ನಡೆಯಬೇಕು. '[1 ..]' ಎಂಬ ಕೊನೆಯಿಲ್ಲದ ಲಿಸ್ಟ್ ಕೊಟ್ಟರೆ ಪ್ರೋಗ್ರಾಮ್ ಎಂದೂ ಮುಗಿಯುವುದಿಲ್ಲ. 'ನಲ್' ಎಂಬ ಫಂಕ್ಷನ್ ಮೊದಲ ಕೊಂಡಿ ನೋಡಿ ಅಲ್ಲೇ ಉತ್ತರ ಹೇಳುತ್ತದೆ. 'ಲಿಸ್ಟ್ == []' ಎಂದೂ ಬರೆಯಬೇಡಿ; ಸಮಾನತೆ ಕೇಳಿದ ತಪ್ಪಿಗೆ ಒಳಗಿನ ಅಂಶಗಳಿಗೂ 'ಈಕ್ಯೂ' ನಿರ್ಬಂಧ ಬಂದು ಅಂಟಿಕೊಳ್ಳುತ್ತದೆ, ಫಂಕ್ಷನ್‌ಗಳ ಲಿಸ್ಟನ್ನು ಕೊಡಲಾಗುವುದೇ ಇಲ್ಲ. ಅದರ ಮೇಲೆ 'ಇಫ್ ... ದೆನ್ ಟ್ರೂ ಎಲ್ಸ್ ಫಾಲ್ಸ್' ಬೇರೆ. ಷರತ್ತೇ ಟ್ರೂ ಅಥವಾ ಫಾಲ್ಸ್ ಆಗಿರುವಾಗ ಅದನ್ನು ಮತ್ತೆ ಟ್ರೂ, ಫಾಲ್ಸ್ ಎಂದು ಅನುವಾದಿಸುವ ಅಗತ್ಯವೇನು?

ಜಾಣತನ ತೋರಿಸಬೇಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಮುರಿಯುವ ನಿಯಮ ಇದೇ. ಹ್ಯಾಸ್ಕೆಲ್ ಹತ್ತಿಸಿಕೊಂಡವರಿಗೆ ಎರಡನೇ ತಿಂಗಳಲ್ಲಿ ಒಂದು ಜ್ವರ ಬರುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ, ಆರ್ಗ್ಯುಮೆಂಟ್ ಹೆಸರೇ ಇಲ್ಲದೆ ಬರೆಯುವ ಜ್ವರ. ಮೇಲಿನ ಮೊದಲನೆಯ ಲೆಕ್ಕಕ್ಕೇ ಓಡಾಡುವ ಪ್ರಸಿದ್ಧ ಉತ್ತರವೊಂದಿದೆ:

    ಕೊನೆಯದು = ಫೋಲ್ಡ್ಆರ್1 (ಕಾನ್ಸ್ಟ್ ಐಡಿ)

ಸರಿಯಾದ ಉತ್ತರವೇ. ಖಾಲಿ ಲಿಸ್ಟಿಗೆ ಬೀಳುತ್ತದೆ ಎನ್ನುವುದನ್ನು ಸದ್ಯಕ್ಕೆ ಬಿಡೋಣ. ಇದು ಯಾಕೆ ಸರಿ ಎಂದು ತಿಳಿಯಲು ಓದುವವರು ಏನೇನು ಮಾಡಬೇಕು ನೋಡಿ. ಕಾನ್ಸ್ಟ್ ಎರಡು ಆರ್ಗ್ಯುಮೆಂಟ್ ತೆಗೆದುಕೊಂಡು ಮೊದಲನೆಯದನ್ನು ಕೊಡುತ್ತದೆ ಎಂದು ನೆನಪಿಸಿಕೊಳ್ಳಬೇಕು. ಇಲ್ಲಿ ಆ ಮೊದಲನೆಯದು ಐಡಿ. ಹಾಗಾಗಿ '(ಕಾನ್ಸ್ಟ್ ಐಡಿ) ಅ' ಎಂದರೆ ಅ ಬಿದ್ದುಹೋಗಿ ಐಡಿ ಉಳಿಯುತ್ತದೆ. ಆ ಐಡಿಗೆ ಬ ಕೊಟ್ಟರೆ ಬ. ಅಂದರೆ ಇದು ಎರಡರಲ್ಲಿ ಎರಡನೆಯದನ್ನು ಇಟ್ಟುಕೊಳ್ಳುವ ಫಂಕ್ಷನ್, ಅದನ್ನು ಲಿಸ್ಟಿನ ಉದ್ದಕ್ಕೂ ಬಲದಿಂದ ಮಡಚಿದರೆ ಕೊನೆಯದು ಉಳಿಯುತ್ತದೆ. ಬಿಡಿಸಿದ ಮೇಲೆ ಚೆಂದವಾಗಿಯೇ ಇದೆ. ಆದರೆ ಲೆಕ್ಕ ಕೇಳಿದ್ದು ಕೊನೆಯ ಅಂಶ. ಓದುವವರು ಕಳೆದ ಹೊತ್ತೆಲ್ಲ ಹೋದದ್ದು ಕಾನ್ಸ್ಟ್ ಮತ್ತು ಐಡಿಗಳ ಒಗಟಿಗೆ. ತಲೆಯ ಸುತ್ತ ಕೈ ತಂದು ಮೂಗು ಹಿಡಿಯುವ ಕೆಲಸ ಇದು. ಬರೆಯಲೇಬೇಕೆಂಬ ಆಸೆಯಿದ್ದರೆ ನೇರ ಉತ್ತರದ ಕೆಳಗೆ, ಎರಡನೆಯದಾಗಿ, ಮೇಲಿನಂತೆ ಬಿಡಿಸಿ ಹೇಳಿದ ಕಾಮೆಂಟಿನ ಜೊತೆ ಇಡಿ. ಮೊದಲನೆಯದಾಗಿ ಇಡುವಂತಿಲ್ಲ.

ಹಾಗೆಂದು ಆರ್ಗ್ಯುಮೆಂಟ್ ಹೆಸರಿಲ್ಲದ ಈ ಪಾಯಿಂಟ್‌ಫ್ರೀ ಶೈಲಿಗೆ ಪೂರ್ತಿ ನಿಷೇಧವಿಲ್ಲ. ಒಂದರ ಫಲಿತ ಇನ್ನೊಂದಕ್ಕೆ ನೇರವಾಗಿ ಹೋಗುವ ಸಾಲಾಗಿದ್ದರೆ ಅದೇ ಚೆನ್ನಾಗಿ ಓದಿಸಿಕೊಳ್ಳುತ್ತದೆ. 'ಸಮಗಳೆಣಿಕೆ = ಲೆಂತ್ . ಫಿಲ್ಟರ್ ಈವನ್' ಎಂಬುದನ್ನು ಬಲದಿಂದ ಎಡಕ್ಕೆ ಓದಿ: ಸಮಸಂಖ್ಯೆಗಳನ್ನು ಸೋಸು, ಉದ್ದ ಹೇಳು. ಇದಕ್ಕೆ ಆರ್ಗ್ಯುಮೆಂಟ್ ಹೆಸರು ಸೇರಿಸಿದರೆ ಹೊಸದೇನೂ ಸಿಗುವುದಿಲ್ಲ. ಗೆರೆ ಎಲ್ಲಿ ಎಂದರೆ, ಸಾಲಿನಲ್ಲಿ ಫ್ಲಿಪ್ ಕಾಣಿಸಿಕೊಂಡ ಕಡೆ. ಫ್ಲಿಪ್, ಎಪಿ, ಅಥವಾ '(.) . (.)' ಎಂಬ ಗೂಬೆಕಣ್ಣು ಬಂತೆಂದರೆ ಆರ್ಗ್ಯುಮೆಂಟ್‌ಗಳನ್ನು ವಾಪಸು ತನ್ನಿ. ಹ್ಯಾಸ್ಕೆಲ್ ಮಂದಿಯೇ ಈ ಶೈಲಿಯನ್ನು 'ಪಾಯಿಂಟ್‌ಲೆಸ್' ಎಂದು ಗೇಲಿ ಮಾಡುವುದುಂಟು.

ಹತ್ತನೆಯ ಲೆಕ್ಕದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸಾಲಾಗಿ ಬಂದ ಒಂದೇ ಬಗೆಯ ಅಂಶಗಳನ್ನು ಎಣಿಸಿ ಹೇಳಬೇಕು. ಅ ಅ ಅ ಬ ಕ ಕ ಕೊಟ್ಟರೆ (3, ಅ), (1, ಬ), (2, ಕ) ಬರಬೇಕು. ಒಂಬತ್ತನೆಯ ಲೆಕ್ಕದಲ್ಲಿ ಬರೆದ, ಒಂದೇ ಬಗೆಯವನ್ನು ಗುಂಪು ಮಾಡುವ ಫಂಕ್ಷನ್ ಅನ್ನು ಇಲ್ಲಿ ಬಳಸಿ ಎಂದು ಲೆಕ್ಕವೇ ಹೇಳುತ್ತದೆ.

    ಎಣಿಸಿಡು ಲಿಸ್ಟ್ = [ (ಲೆಂತ್ ಗುಂಪು, ಹೆಡ್ ಗುಂಪು) | ಗುಂಪು <- ಗುಂಪಿಸು ಲಿಸ್ಟ್ ]

    ಎಣಿಸಿಡು = ಮ್ಯಾಪ್ (ಎಪಿ ((,) . ಲೆಂತ್) ಹೆಡ್) . ಗುಂಪಿಸು

ಎರಡೂ ಒಂದೇ ಕೆಲಸ ಮಾಡುತ್ತವೆ. ಮೊದಲನೆಯದನ್ನು ಗಟ್ಟಿಯಾಗಿ ಓದಿದರೆ ಲೆಕ್ಕದ ವಿವರಣೆಯೇ ಕೇಳಿಸುತ್ತದೆ. ಎರಡನೆಯದನ್ನು ಗಟ್ಟಿಯಾಗಿ ಓದಿ ನೋಡಿ! ಹೆಡ್ ಬೇಡ ಎಂದವರೇ ಇಲ್ಲಿ ಬಳಸಿದ್ದೇಕೆ ಎಂದು ಕೇಳುವವರಿಗೆ ಉತ್ತರ ಇಷ್ಟು: ಗುಂಪಿಸು ಎಂದೂ ಖಾಲಿ ಗುಂಪು ಕೊಡುವುದಿಲ್ಲ, ಆದ್ದರಿಂದ ಬೀಳುವುದಿಲ್ಲ. ಆದರೆ ಆ ಖಾತರಿ ಟೈಪಿನಲ್ಲಿಲ್ಲ, ಬರೆದವರ ತಲೆಯಲ್ಲಿದೆ. ಆದ್ದರಿಂದ ಅದನ್ನು ಒಂದು ಸಾಲಿನ ಕಾಮೆಂಟಾಗಿ ಇಳಿಸಿ, ಇಲ್ಲವೇ ಖಾಲಿಯಾಗಲಾರದ ಲಿಸ್ಟಿನ ನಾನ್‌ಎಂಪ್ಟಿ ಟೈಪ್ ಬಳಸಿ. ಅಲ್ಲಿನ ಹೆಡ್ ಬೀಳುವಂಥದ್ದಲ್ಲ.

ಬೆಲೆ ಗೊತ್ತಿದ್ದು ಬರೆಯಿರಿ

ಲಿಸ್ಟನ್ನು ಹಿಂದುಮುಂದು ಮಾಡುವ ಐದನೆಯ ಲೆಕ್ಕಕ್ಕೆ ಎಲ್ಲರೂ ಮೊದಲು ಬರೆಯುವುದು ಇದು:

    ತಿರುಗಿಸು [] = []
    ತಿರುಗಿಸು (ಮೊದಲು : ಉಳಿದವು) = ತಿರುಗಿಸು ಉಳಿದವು ++ [ಮೊದಲು]

ಬರೆಯಿರಿ, ನಾಚಿಕೆ ಬೇಡ. ಇದಕ್ಕಿಂತ ಸ್ಪಷ್ಟವಾಗಿ ಆ ಮಾತನ್ನು ಹೇಳಲಾಗುವುದಿಲ್ಲ. ಆದರೆ '++' ತನ್ನ ಎಡಗಡೆಯ ಲಿಸ್ಟನ್ನು ಪೂರ್ತಿ ನಕಲು ಮಾಡುತ್ತದೆ. ಹತ್ತು ಅಂಶಕ್ಕೆ 45 ಕೊಂಡಿಗಳ ನಕಲು, ಸಾವಿರಕ್ಕೆ 4,99,500. ಅಂಶಗಳು ನೂರು ಪಟ್ಟು ಹೆಚ್ಚಾದರೆ ಕೆಲಸ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಇದನ್ನು ಕಾಮೆಂಟಿನಲ್ಲಿ ಹೇಳಿ, ಕೆಳಗೆ ಎರಡನೆಯ ಉತ್ತರ ಕೊಡಿ:

    ತಿರುಗಿಸು ಲಿಸ್ಟ್ = ಸಾಗು ಲಿಸ್ಟ್ []
      ವೇರ್
        -- ಯಾವಾಗಲೂ: ಸಾಗು ಅ ಬ == ತಿರುಗಿಸು ಅ ++ ಬ
        ಸಾಗು [] ತಿರುಗಿದ್ದು = ತಿರುಗಿದ್ದು
        ಸಾಗು (ಮೊದಲು : ಉಳಿದವು) ತಿರುಗಿದ್ದು = ಸಾಗು ಉಳಿದವು (ಮೊದಲು : ತಿರುಗಿದ್ದು)

ಸಾವಿರ ಅಂಶಕ್ಕೆ ಸಾವಿರ ಹೊಸ ಕೊಂಡಿ, ಅಷ್ಟೇ. ಇಲ್ಲಿ ಗಮನಿಸಬೇಕಾದ್ದು ಆ ಕಾಮೆಂಟ್ ಸಾಲು. ಅಕ್ಯುಮುಲೇಟರ್ ಇಟ್ಟುಕೊಂಡ ಪ್ರತಿ ಸಹಾಯಕ ಫಂಕ್ಷನ್‌ಗೂ, ಅದರಲ್ಲಿ ಯಾವ ಹೊತ್ತಿನಲ್ಲಿ ಏನಿರುತ್ತದೆ ಎಂದು ಒಂದು ಸಮೀಕರಣವಾಗಿಯೋ ವಾಕ್ಯವಾಗಿಯೋ ಬರೆಯಬೇಕು. ಬರೆಯಲು ಬರುತ್ತಿಲ್ಲವೆಂದರೆ ಆ ಫಂಕ್ಷನ್ ನಿಮಗೇ ಇನ್ನೂ ಅರ್ಥವಾಗಿಲ್ಲ. 'ಎಸಿಸಿ' ಎಂಬ ಹೆಸರು ಇಟ್ಟು ಕೈತೊಳೆದುಕೊಳ್ಳಬೇಡಿ. ಏನನ್ನು ಕೂಡಿಸಿಡುತ್ತಿದ್ದೀರೋ ಅದೇ ಹೆಸರಾಗಲಿ: ಇಲ್ಲಿಯವರೆಗಿನ ಮೊತ್ತ, ತಿರುಗಿದ್ದು, ಕಂಡವು.

ಫಿಬೊನಾಚಿ ಬರೆದವರಿಗೂ ಇದೇ ಮಾತು. ನೇರ ವ್ಯಾಖ್ಯಾನದಂತೆ ಬರೆದರೆ 30ನೆಯ ಸಂಖ್ಯೆಗಾಗಿ ಫಂಕ್ಷನ್ 26,92,537 ಸಲ ತನ್ನನ್ನು ಕರೆಸಿಕೊಳ್ಳುತ್ತದೆ. ಬರೆದದ್ದು ತಪ್ಪಲ್ಲ, ಹೇಳದೆ ಬಿಡುವುದು ತಪ್ಪು. ಫ್ಯಾಕ್ಟೋರಿಯಲ್‌ಗೆ 'ಇಂಟ್' ಟೈಪ್ ಕೊಡಬೇಡಿ, 'ಇಂಟಿಜರ್' ಕೊಡಿ. 64 ಬಿಟ್‌ನ ಇಂಟ್‌ನಲ್ಲಿ 20ರ ಫ್ಯಾಕ್ಟೋರಿಯಲ್ ಹಿಡಿಸುತ್ತದೆ, 21ರದ್ದು ತುಂಬಿ ಹರಿದು ಋಣಸಂಖ್ಯೆಯಾಗಿ ಹೊರಬರುತ್ತದೆ, ಅದೂ ಎರರ್ ಇಲ್ಲದೆ. ಸೊನ್ನೆಯ ಸಾಲನ್ನು ಸಾಮಾನ್ಯ ಸಾಲಿನ ಮೇಲೆ ಬರೆಯಿರಿ, ಕೆಳಗಲ್ಲ. ಪ್ಯಾಟರ್ನ್‌ಗಳನ್ನು ಹ್ಯಾಸ್ಕೆಲ್ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮತ್ತೆ, 'ಫ್ಯಾಕ್ಟ್ ಎನ್ - 1' ಎಂದು ಬರೆದು ಯಾಕೆ ಮುಗಿಯುತ್ತಿಲ್ಲ ಎಂದು ಕೇಳಬೇಡಿ. ಹ್ಯಾಸ್ಕೆಲ್‌ನಲ್ಲಿ ಫಂಕ್ಷನ್ ಕರೆಯುವಿಕೆಯ ಹಿಡಿತ ಯಾವ ಆಪರೇಟರ್‌ಗಿಂತಲೂ ಬಿಗಿ. ಅದು '(ಫ್ಯಾಕ್ಟ್ ಎನ್) - 1' ಎಂದೇ ಓದಿಕೊಳ್ಳುತ್ತದೆ. ಅಲ್ಲಿ ಆವರಣ ಬೇಕು. 'ಎಫ್(ಎಕ್ಸ್)' ಎಂದು ಸಿ ಭಾಷೆಯ ಅಭ್ಯಾಸಬಲದಲ್ಲಿ ಹಾಕುವ ಆವರಣ ಬೇಡ.

ಫೋಲ್ಡ್ ಬಗ್ಗೆ

ಮ್ಯಾಪ್ ಸಾಕಾದ ಕಡೆ ಫೋಲ್ಡ್ ಬೇಡ, ಫಿಲ್ಟರ್ ಸಾಕಾದ ಕಡೆಯೂ ಬೇಡ. ಮ್ಯಾಪ್ ಎಂದು ಕಂಡ ಕೂಡಲೇ ಓದುವವರಿಗೆ ಲಿಸ್ಟಿನ ಉದ್ದ ಬದಲಾಗದು ಎಂದು ಗೊತ್ತಾಗುತ್ತದೆ; ಫಿಲ್ಟರ್ ಎಂದರೆ ಅಂಶಗಳು ಬದಲಾಗವು, ಕೆಲವು ಉದುರಬಹುದು ಎಂದು. ಫೋಲ್ಡ್ ಏನು ಬೇಕಾದರೂ ಮಾಡಬಹುದು, ಆದ್ದರಿಂದ ಒಳಗೆ ಇಣುಕಿ ನೋಡಲೇಬೇಕು. ಕಡಿಮೆ ಶಕ್ತಿಯ ಸಲಕರಣೆಯಿಂದ ಕೆಲಸವಾಗುತ್ತದೆಯೆಂದರೆ ಅದನ್ನೇ ಹಿಡಿಯಿರಿ.

ಫೋಲ್ಡ್ ಬೇಕೇ ಬೇಕಾದಾಗ, ಫಲಿತ ಲಿಸ್ಟ್ ಆಗಿದ್ದರೆ ಬಲದ ಫೋಲ್ಡ್, ಮೊತ್ತ ಅಥವಾ ಎಣಿಕೆಯಂತಹ ಸಂಖ್ಯೆಯಾಗಿದ್ದರೆ ತುದಿಯಲ್ಲಿ ಪ್ರೈಮ್ ಚಿಹ್ನೆಯಿರುವ ಎಡದ ಫೋಲ್ಡ್. ಪ್ರೈಮ್ ಇಲ್ಲದ ಎಡದ ಫೋಲ್ಡ್ ಬಳಸಬೇಡಿ. ಸೋಮಾರಿ ಮೌಲ್ಯಮಾಪನದಿಂದಾಗಿ ಅದು ಕೂಡಿಕೆಗಳನ್ನು ಆಗಿಂದಾಗಲೇ ಮಾಡದೆ ಬಾಕಿ ಇಟ್ಟುಕೊಂಡು ಹೋಗುತ್ತದೆ. ಹತ್ತು ಲಕ್ಷ ಅಂಶಗಳಿದ್ದರೆ ಹತ್ತು ಲಕ್ಷ ಬಾಕಿ ಕೂಡಿಕೆಗಳು ಮೆಮೊರಿಯಲ್ಲಿ ಸಾಲುಗಟ್ಟುತ್ತವೆ. ಕಂಪೈಲರ್‌ನ ಆಪ್ಟಿಮೈಸೇಶನ್ ಇದನ್ನು ಎಷ್ಟೋ ಸಲ ಮುಚ್ಚಿಹಾಕುತ್ತದೆ, ಜಿಎಚ್‌ಸಿಐ ಎಂಬ ಇಂಟರ್‌ಪ್ರಿಟರ್‌ನಲ್ಲಿ ಓಡಿಸಿದಾಗ ಬಣ್ಣ ಬಯಲಾಗುತ್ತದೆ. ಪ್ರೈಮ್ ಫೋಲ್ಡ್ ಜಿಎಚ್‌ಸಿ 9.10ರಿಂದ ಪ್ರೆಲ್ಯೂಡ್‌ನಲ್ಲೇ ಸಿಗುತ್ತದೆ. ಅದಕ್ಕಿಂತ ಹಳೆಯದಿದ್ದರೆ ಡೇಟಾ.ಲಿಸ್ಟ್‌ನಿಂದ ತರಿಸಿಕೊಳ್ಳಿ.

ಉದಾಹರಣೆ ಕೊಡದೆ ಉತ್ತರ ಇಡಬೇಡಿ

ಪ್ರತಿ ಫಂಕ್ಷನ್‌ನ ಮೇಲೆ ಕೊಟ್ಟದ್ದು ಏನು, ಬಂದದ್ದು ಏನು ಎಂದು ತೋರಿಸುವ ಎರಡು ಮೂರು ಸಾಲು ಇರಲಿ. ಒಂದು ಸಾಮಾನ್ಯ ಉದಾಹರಣೆ, ಒಂದು ಖಾಲಿ ಲಿಸ್ಟಿನದು, ಒಂದು ತುದಿಯದು. ಎಣಿಕೆ ಎಲ್ಲಿಂದ ಶುರು ಎನ್ನುವುದೂ ಅಲ್ಲೇ ತಿಳಿಯಬೇಕು. ಮೂರನೆಯ ಲೆಕ್ಕದಲ್ಲಿ ಲಿಸ್ಟಿನ ಮೊದಲ ಅಂಶದ ಸಂಖ್ಯೆ 1, ಹ್ಯಾಸ್ಕೆಲ್‌ನ '!!' ಎಣಿಸುವುದು 0ಯಿಂದ. ಈ ಒಂದರ ವ್ಯತ್ಯಾಸ ಉದಾಹರಣೆಯಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಉಳಿದುಬಿಡುತ್ತದೆ.

ಕನ್ನಡ ಪದಗಳನ್ನು ಉದಾಹರಣೆಗೆ ಬಳಸುವವರಿಗೆ ಪ್ರತ್ಯೇಕ ಎಚ್ಚರಿಕೆ. ಆರನೆಯ ಲೆಕ್ಕ, ಹಿಂದಿನಿಂದ ಓದಿದರೂ ಒಂದೇ ಆಗುವ ಲಿಸ್ಟನ್ನು ಗುರುತಿಸುವುದು. ಉತ್ತರ ಒಂದೇ ಸಾಲು, ಲಿಸ್ಟನ್ನು ಅದರ ತಿರುಗಿಸಿದ ರೂಪಕ್ಕೆ ಹೋಲಿಸುವುದು. 'ಗದಗ' ಕೊಡಿ, ಟ್ರೂ. 'ಕನಕ', ಟ್ರೂ. ಇನ್ನು ನಮ್ಮ ಎಲ್ಲರ ಬಾಯಲ್ಲಿರುವ 'ವಿಕಟಕವಿ' ಕೊಟ್ಟು ನೋಡಿ, ಫಾಲ್ಸ್ ಬರುತ್ತದೆ! ಫಂಕ್ಷನ್ ಕೆಟ್ಟಿಲ್ಲ. ಹ್ಯಾಸ್ಕೆಲ್‌ನ ಒಂದು 'ಚಾರ್' ಎಂದರೆ ಯೂನಿಕೋಡ್‌ನ ಒಂದು ಸಂಕೇತ, ನಾವು ಎಣಿಸುವ ಅಕ್ಷರ ಅಲ್ಲ. 'ವಿ' ಎಂಬಲ್ಲಿ ವ ಒಂದು, ಗುಡಿಸು ಇನ್ನೊಂದು. ನಮ್ಮ ಲೆಕ್ಕದಲ್ಲಿ ಐದು ಅಕ್ಷರದ ಪದ ಅಲ್ಲಿ ಏಳು ಚಾರ್‌ಗಳ ಲಿಸ್ಟ್. ತಿರುಗಿಸಿದಾಗ ಗುಡಿಸು ವಕಾರದ ಹಿಂದೆ ಬರುವ ಬದಲು ಮುಂದೆ ಬಂದು ನಿಲ್ಲುತ್ತದೆ. 'ಸಮಾಸ'ದ್ದೂ ಇದೇ ಗತಿ, ತಿರುಗಿಸಿದರೆ 'ಸಾಮಸ' ಆಗುತ್ತದೆ. ಆದ್ದರಿಂದ ಗುಣಿತಾಕ್ಷರ, ಒತ್ತಕ್ಷರ ಇರುವ ಪದಗಳನ್ನು ಉದಾಹರಣೆಯಾಗಿ ಕೊಟ್ಟು ಹೊಸಬರನ್ನು ದಾರಿ ತಪ್ಪಿಸಬೇಡಿ. ಕೊಟ್ಟರೆ ಈ ಕಾರಣವನ್ನೂ ಬರೆಯಿರಿ. ಸರಿಯಾಗಿ ಮಾಡಬೇಕೆಂದರೆ ಪಠ್ಯವನ್ನು ಮೊದಲು ಅಕ್ಷರಗಳಾಗಿ ಒಡೆದು, ಆ ಅಕ್ಷರಗಳ ಲಿಸ್ಟನ್ನು ಹೋಲಿಸಬೇಕು. ಅದು ಬೇರೆಯೇ ಅಭ್ಯಾಸ, ಮತ್ತು ಈ ಪಟ್ಟಿಯಲ್ಲಿರುವ ಎಷ್ಟೋ ಲೆಕ್ಕಗಳಿಗಿಂತ ಒಳ್ಳೆಯದು. ಇನ್ನೊಂದು: ಜಿಎಚ್‌ಸಿಐ 'ಗದಗ'ವನ್ನು \3223\3238\3223 ಎಂದು ತೋರಿಸಿದರೆ ಗಾಬರಿ ಬೇಡ. ಅದು ಷೋ ಫಂಕ್ಷನ್‌ನ ರೀತಿ. ಪುಟ್‌ಸ್ಟ್ರ್‌ಎಲ್ಎನ್ ಮೂಲಕ ಅಚ್ಚು ಹಾಕಿಸಿ, ಕನ್ನಡ ಕಾಣುತ್ತದೆ.

ಉದಾಹರಣೆಗಳ ಜೊತೆ ಕ್ವಿಕ್‌ಚೆಕ್ ಗುಣಲಕ್ಷಣಗಳನ್ನು ಬರೆಯುವವರಿಗೆ ಸ್ವಾಗತ. ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಈ ಸಲಕರಣೆ ನೀವು ಹೇಳಿದ ನಿಯಮವನ್ನು ಯಾದೃಚ್ಛಿಕವಾಗಿ ಆರಿಸಿದ ನೂರು ದತ್ತಾಂಶಗಳ ಮೇಲೆ ಪರೀಕ್ಷಿಸುತ್ತದೆ. ಎರಡು ಹೊಂಡಗಳಿವೆ, ಬೀಳಬೇಡಿ. ಎರಡು ಸಲ ತಿರುಗಿಸಿದರೆ ಮೂಲ ಲಿಸ್ಟೇ ಬರಬೇಕು ಎಂಬ ನಿಯಮ ಸಾಲದು, ಏನನ್ನೂ ಮಾಡದೆ ಕೊಟ್ಟದ್ದನ್ನೇ ಹಿಂದಿರುಗಿಸುವ ಐಡಿ ಕೂಡ ಅದರಲ್ಲಿ ಪಾಸಾಗುತ್ತದೆ. ಎರಡು ಲಿಸ್ಟುಗಳನ್ನು ಜೋಡಿಸಿ ತಿರುಗಿಸಿದ್ದೂ, ಎರಡನೆಯದನ್ನು ತಿರುಗಿಸಿ ಅದರ ಹಿಂದೆ ಮೊದಲನೆಯದನ್ನು ತಿರುಗಿಸಿ ಸೇರಿಸಿದ್ದೂ ಒಂದೇ ಆಗಬೇಕು ಎಂದು ಬರೆಯಿರಿ, ಐಡಿ ಸಿಕ್ಕಿಬೀಳುತ್ತದೆ. ಎರಡನೆಯ ಹೊಂಡ ಇನ್ನೂ ಮೋಸದ್ದು. ಜಿಎಚ್‌ಸಿಐನಲ್ಲಿ ಅಂಶದ ಟೈಪ್ ಹೇಳದೆ ಪರೀಕ್ಷೆ ಓಡಿಸಿದರೆ ಅದು '()' ಎಂಬ ಒಂದೇ ಮೌಲ್ಯವಿರುವ ಟೈಪನ್ನು ಆರಿಸಿಕೊಳ್ಳುತ್ತದೆ. ಎಲ್ಲ ಅಂಶಗಳೂ ಒಂದೇ ಆದಾಗ ತಿರುಗಿಸಿದರೇನು, ಬಿಟ್ಟರೇನು? 'ತಿರುಗಿಸಿದ ಲಿಸ್ಟ್ ಮೂಲ ಲಿಸ್ಟಿಗೆ ಸಮ' ಎಂಬ ಹಸಿ ಸುಳ್ಳೂ ನೂರಕ್ಕೆ ನೂರು ಪಾಸು. '[ಇಂಟ್]' ಎಂದು ಟೈಪ್ ಬರೆಯಿರಿ.

ಇನ್ನಷ್ಟು, ಚಿಕ್ಕದಾಗಿ

ಲೆಕ್ಕ ಬರೆಯಲು ಹೇಳಿದ ಫಂಕ್ಷನ್ ಅನ್ನೇ ಲೈಬ್ರರಿಯಿಂದ ತಂದು ಹೆಸರು ಬದಲಿಸಿ ಒಪ್ಪಿಸಬೇಡಿ. ನಿಮ್ಮ ಉತ್ತರದ ಕೆಳಗೆ ಲೈಬ್ರರಿಯಲ್ಲೂ ಇದು ಇದೆ ಎಂದು ಹೇಳುವುದು ಮಾತ್ರ ಕಡ್ಡಾಯ. ನಾಳೆ ನಿಜವಾದ ಪ್ರೋಗ್ರಾಮಿನಲ್ಲಿ ಬಳಸಬೇಕಾದ್ದು ಅದನ್ನೇ.

ಲಿಸ್ಟಿನ ಒಂದು ಅಂಶಕ್ಕೆ ಎಕ್ಸ್, ಉಳಿದದ್ದಕ್ಕೆ ಎಕ್ಸ್‌ಎಸ್ ಎನ್ನುವುದು ಹ್ಯಾಸ್ಕೆಲ್‌ನ ವಾಡಿಕೆ, ಅದನ್ನು ಬದಲಿಸಬೇಕಾಗಿಲ್ಲ. ಆದರೆ ಒಂದೇ ಫಂಕ್ಷನ್‌ನಲ್ಲಿ ಎಕ್ಸ್, ಎಕ್ಸ್ ಪ್ರೈಮ್, ಎಕ್ಸ್ ಡಬಲ್ ಪ್ರೈಮ್ ಮೂರೂ ಬಂದವೆಂದರೆ ನಿಲ್ಲಿಸಿ ಹೆಸರು ಯೋಚಿಸಿ. 'ಹೆಲ್ಪರ್' ಹೆಸರಲ್ಲ.

ಕೋಡ್ ಏನು ಮಾಡುತ್ತದೆ ಎಂದು ಪಕ್ಕದಲ್ಲೇ ಮತ್ತೆ ಹೇಳುವ ಕಾಮೆಂಟ್ ಬೇಡ. ಯಾಕೆ ಹೀಗೆ ಎಂದು ಹೇಳುವುದು ಬೇಕು.

ವೇರ್ ಒಳಗೆ ಇನ್ನೊಂದು ವೇರ್ ಬೇಡ. ಗಾರ್ಡ್‌ಗಳ ಕೊನೆಯಲ್ಲಿ ಅದರ್‌ವೈಸ್ ಇರಲಿ. ಟ್ಯಾಬ್ ಬೇಡವೇ ಬೇಡ, ಇಂಡೆಂಟೇಶನ್‌ಗೆ ಅರ್ಥವಿರುವ ಭಾಷೆ ಇದು, ಸ್ಪೇಸ್ ಹಾಕಿ.

ಕೋಡಿಗೆ ಸಲಹೆ ಕೊಡುವ ಎಚ್‌ಲಿಂಟ್ ಓಡಿಸಿ, ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಡಿ. ಅದರ ಸಲಹೆಗಳಲ್ಲಿ ಹಲವು ಸಾಲನ್ನು ಚಿಕ್ಕದಾಗಿಸುತ್ತವೆ. ಚಿಕ್ಕದಾದದ್ದೆಲ್ಲ ಸ್ಪಷ್ಟವಾಗುವುದಿಲ್ಲ ಎಂದು ಮೇಲೆಯೇ ನೋಡಿದ್ದೇವೆ.

ಒಂದೇ ಲೆಕ್ಕಕ್ಕೆ ಏಳೆಂಟು ಉತ್ತರ ಸುರಿಯಬೇಡಿ. ಎರಡು ಸಾಕು, ಅಪರೂಪಕ್ಕೆ ಮೂರು. ಪ್ರತಿಯೊಂದರ ಮೇಲೂ ಇದು ಮೇಲಿನದಕ್ಕಿಂತ ಹೇಗೆ ಬೇರೆ ಎಂದು ಒಂದು ವಾಕ್ಯ ಇರಬೇಕು. ವ್ಯತ್ಯಾಸ ಬರೆಯಲು ಏನೂ ಸಿಗದಿದ್ದರೆ ಎರಡನೆಯದನ್ನು ಅಳಿಸಿ.

ಚಾಟ್‌ಬಾಟ್ ಬರೆದುಕೊಟ್ಟದ್ದಾಗಲಿ, ಗೆಳೆಯರಿಂದ ಬಂದದ್ದಾಗಲಿ, ಮೂರು ಅಂಶಗಳ ಲಿಸ್ಟ್ ಇಟ್ಟುಕೊಂಡು ಹಾಳೆಯ ಮೇಲೆ ಸಾಲುಸಾಲಾಗಿ ಬಿಡಿಸಿ ತೋರಿಸಲು ಬರದಿದ್ದರೆ ನಿಮ್ಮ ಹೆಸರಿನಲ್ಲಿ ಇಡಬೇಡಿ. ಈ ಭಾಷೆಯಲ್ಲಿ ಸಮವನ್ನು ಸಮದ ಜಾಗದಲ್ಲಿ ಇಡುತ್ತ ಹೋದರೆ ಉತ್ತರ ತಾನಾಗಿ ಇಳಿಯುತ್ತದೆ. ಹಾಗೆ ಬಿಡಿಸಲು ಪೆನ್ಸಿಲ್ ಸಾಕು, ಡಿಬಗ್ಗರ್ ಬೇಕಾಗಿಲ್ಲ.

ಯಾರಾದರೂ ನಿಮ್ಮ ಉತ್ತರದಲ್ಲಿ ತಪ್ಪು ಹಿಡಿದರೆ ಹಳೆಯದನ್ನು ಸದ್ದಿಲ್ಲದೆ ಬದಲಿಸಬೇಡಿ. ತಪ್ಪಿದ ಉದಾಹರಣೆಯನ್ನು ಮೇಲಿನ ಉದಾಹರಣೆಗಳ ಸಾಲಿಗೆ ಸೇರಿಸಿ, ಆಮೇಲೆ ಕೋಡ್ ತಿದ್ದಿ.